ನಿಮಗಿದು ಗೊತ್ತೇ? ಸ್ಪೇನಿನ ಮಳೆಸೀಮೆಯ ಗಲೀಶಿಯನ್ನರು

● ಸ್ಪೇನ್ ಎಂದರೆ ಸುಡುಬಿಸಿಲು, ಗೂಳಿಕಾಳಗ ಎಂದುಕೊಂಡಿದ್ದೀರಾ? ಪೋರ್ಚುಗಲ್ಲಿನ ನೆತ್ತಿಯ ಮೇಲಿರುವ ಗಲೀಶಿಯಾದಲ್ಲಿ ಮಳೆಯೋ ಮಳೆ. ಜನ ಸುಮಾರು 27 ಲಕ್ಷ. (ಪೋಲೆಂಡ್–ಉಕ್ರೇನ್ ಕಡೆಯ ಗಲೀಶಿಯಾ ಬೇರೆ, ಇದು ಬೇರೆ.)

● ಈ ಹೆಸರು ಗಲ್ಲೇಕಿ ಎಂಬ ಬುಡಕಟ್ಟಿನಿಂದ ಬಂದದ್ದು. ಗುಡ್ಡಗಳ ಮೇಲೆ ದುಂಡನೆಯ ಕಲ್ಲುಮನೆ ಕಟ್ಟಿಕೊಂಡಿದ್ದ ಜನ. ಕ್ರಿ.ಪೂ. 137ರ ಸುಮಾರಿಗೆ ದಂಡೆತ್ತಿ ಬಂದ ರೋಮನ್ ಸೈನಿಕರು ಲಿಮಿಯಾ ನದಿಯ ದಡದಲ್ಲಿ ಹೆದರಿ ನಿಂತರಂತೆ: ದಾಟಿದರೆ ನೆನಪೆಲ್ಲ ಅಳಿಸಿಹೋಗುತ್ತದೆಂಬ ಭಯ. ಸೇನಾಪತಿ ಬ್ರೂಟಸ್ (ಸೀಸರನನ್ನು ಕೊಂದವನಲ್ಲ!) ತಾನೇ ಮೊದಲು ದಾಟಿ, ಆಚೆಯಿಂದ ಸೈನಿಕರನ್ನು ಹೆಸರು ಹಿಡಿದು ಕೂಗಿದನಂತೆ. ಇದು ಕಟ್ಟುಕಥೆಯೇ ಇರಬಹುದು. ಲೂಗೊ ಊರಿನ ರೋಮನ್ ಕೋಟೆಗೋಡೆ ಮಾತ್ರ ಕಥೆಯಲ್ಲ, ಎರಡು ಕಿ.ಮೀ.ಗೂ ಹೆಚ್ಚು ಉದ್ದ, ಅದರ ಮೇಲೆ ಈಗ ಜನ ವಾಯುವಿಹಾರ ಮಾಡುತ್ತಾರೆ.

● ಗಲೀಶಿಯನ್, ಪೋರ್ಚುಗೀಸ್ ಒಡಹುಟ್ಟಿದ ಭಾಷೆಗಳು. 13ನೇ ಶತಮಾನದ ಕ್ಯಾಸ್ಟೀಲ್ ದೊರೆ ಹತ್ತನೇ ಅಲ್ಫಾನ್ಸೊನ ಮೇರಿಮಾತೆಯ ಸ್ತುತಿಗೀತೆಗಳು ಅವನ ರಾಜ್ಯದ ಕ್ಯಾಸ್ಟೀಲಿಯನ್‌ನಲ್ಲಿಲ್ಲ, ಆಗ ಇನ್ನೂ ಒಂದೇ ಆಗಿದ್ದ ಈ ನುಡಿಯಲ್ಲಿವೆ. ಆಮೇಲೆ ಗಲೀಶಿಯನ್ ಹಳ್ಳಿಗರ, ಬಡವರ ಮಾತೆನಿಸಿತು. 1863ರಲ್ಲಿ ರೊಸಾಲಿಯಾ ದೆ ಕಾಸ್ಟ್ರೊ ಅದರಲ್ಲೇ ಕವನ ಸಂಕಲನ ತಂದಳು. ಆ ನೆನಪಿಗೆ ಮೇ 17ರಂದು ಸಾಹಿತ್ಯ ದಿನ, ಸರ್ಕಾರಿ ರಜೆ. ಕವಿತೆಗೆ ರಜೆ! ನಮ್ಮ ಕವಿಗಳು ಹೊಟ್ಟೆಕಿಚ್ಚು ಪಡಬಹುದು.

● ಸರ್ವಾಧಿಕಾರಿ ಫ್ರಾಂಕೊ ಹುಟ್ಟಿದ್ದು ಗಲೀಶಿಯಾದ ಫೆರೋಲ್‌ನಲ್ಲಿ. ಆದರೆ ಅವನ ಆಡಳಿತದಲ್ಲಿ ತವರಿನ ನುಡಿಗೆ ಅಧಿಕೃತ ಸ್ಥಾನವಿರಲಿಲ್ಲ. ಅದು ಸಿಕ್ಕಿದ್ದು 1981ರಲ್ಲಿ, ಅವನು ಸತ್ತ ಮೇಲೆ.

● ತುಂಡುಭೂಮಿ, ಬಡತನ. ಲಕ್ಷಾಂತರ ಮಂದಿ ಕ್ಯೂಬಾಕ್ಕೋ ಅರ್ಜೆಂಟೀನಾಕ್ಕೋ ಹಡಗು ಹತ್ತಿದರು. ಮನೆ, ಹೊಲ ಎರಡೂ ಹೆಂಗಸರ ಹೆಗಲಿಗೆ. ಗಲೀಶಿಯಾದ ನಾಡಗೀತೆಯನ್ನು ಮೊದಲು ಹಾಡಿದ್ದೂ ಗಲೀಶಿಯಾದಲ್ಲಲ್ಲ, 1907ರಲ್ಲಿ ಹವಾನಾದಲ್ಲಿ! ಫಿಡೆಲ್ ಕ್ಯಾಸ್ಟ್ರೊನ ಅಪ್ಪನೂ ಲೂಗೊ ಪ್ರಾಂತ್ಯದಿಂದ ಹೋದವನೇ. ಅರ್ಜೆಂಟೀನಾದಲ್ಲಂತೂ ಸ್ಪೇನಿನ ಯಾವ ಮೂಲೆಯಿಂದ ಬಂದವರಾದರೂ 'ಗಲೀಶಿಯನ್ನರೇ'.

● ಹಳ್ಳಿಮನೆಗಳ ಪಕ್ಕದಲ್ಲಿ ಕಲ್ಲುಕಂಬಗಳ ಮೇಲೆ ನಿಂತ ಉದ್ದನೆಯ ಕಣಜ ಕಾಣುತ್ತದೆ. ಕಂಬದ ತುದಿಗೊಂದು ಚಪ್ಪಟೆ ಕಲ್ಲು: ಇಲಿ ಏರಿದರೂ ದಾಟಲಾರದು. ಒಳಗೆ ಒಣಗುವುದು ಹೆಚ್ಚಾಗಿ ಅಮೆರಿಕದಿಂದ ಬಂದ ಮೆಕ್ಕೆಜೋಳ.

● ಜಾತ್ರೆಯೂಟವೆಂದರೆ ಅಷ್ಟಪಾದಿ. ಬೇಯಿಸಿ, ಕತ್ತರಿಸಿ, ಆಲಿವ್ ಎಣ್ಣೆ, ಕಲ್ಲುಪ್ಪು, ಕೆಂಪು ಮೆಣಸಿನಪುಡಿ ಉದುರಿಸಿ ಮರದ ತಟ್ಟೆಯಲ್ಲಿ ಕೊಡುತ್ತಾರೆ. ಜೊತೆಗೆ ಪದ್ರೋನ್ ಊರಿನ ಹಸಿಮೆಣಸು ಹುರಿದು ಇಡುತ್ತಾರೆ. ನೋಡಲು ಎಲ್ಲ ಒಂದೇ, ಹೆಚ್ಚಿನವು ಸಪ್ಪೆ. ನಡುವೆ ಒಂದೆರಡು ಖಾರ. ಯಾವುದೆಂದು ಕಚ್ಚಿಯೇ ತಿಳಿಯಬೇಕು.

● ಮೆಟ್ಟಿಲ ಮೇಲೆ ಸಿಕ್ಕ ಗಲೀಶಿಯನ್ ಹತ್ತುತ್ತಿದ್ದಾನೋ ಇಳಿಯುತ್ತಿದ್ದಾನೋ ಹೇಳಲಾಗದೆಂದು ಉಳಿದ ಸ್ಪೇನಿಗರ ಗೇಲಿ. ಕೇಳಿದರೆ? 'ಯಾಕೆ ಕೇಳ್ತೀರಿ?' ಎನ್ನುತ್ತಾನಂತೆ.