ದಿಂಬಿನಡಿಯ ಕೆಂಡ

ಕನ್ನಡದ ಮೇಷ್ಟರಿಗೆ ಬ್ಯಾಟರಿಯ ಉಸಾಬರಿ ಏಕೆಂದು ನೀವು ಕೇಳಬಹುದು. ಕಳೆದ ಬೇಸಗೆಯ ಒಂದು ಮುಂಜಾನೆ ಮೇಜಿನ ಮೇಲಿಟ್ಟ ನನ್ನ ಮೊಬೈಲು ಸಮನಾಗಿ ಕೂರದೆ ಬುಗುರಿಯಂತೆ ತಿರುಗಿತು. ನೋಡಿದರೆ ಅದರ ಬೆನ್ನು ಪೂರಿಯಂತೆ ಉಬ್ಬಿದೆ. ಹೆಬ್ಬೆರಳಿನಿಂದ ಒತ್ತಿ ಕೂರಿಸಹೊರಟೆ. ರಸಾಯನಶಾಸ್ತ್ರ ಬೋಧಿಸುವ ನಮ್ಮ ಸೊಸೆ ಓಡಿಬಂದು, “ಮಾವ, ಒತ್ತಬೇಡಿ!” ಎಂದು ಕೂಗಿದಳು. ಮೂವತ್ತು ವರ್ಷ ಅನ್ಯರಿಗೆ ಪಾಠ ಹೇಳಿದ ನಾನು ಅಂದು ಅವಳೆದುರು ವಿದ್ಯಾರ್ಥಿಯಾಗಿ ಕುಳಿತೆ.

ಆ ಪಾಠದ ಸಾರವಿಷ್ಟು. ಮೊಬೈಲಿನ ಲಿಥಿಯಂ-ಅಯಾನ್ ಬ್ಯಾಟರಿಯೊಳಗೆ ಧನ, ಋಣ ಎಂಬ ಎರಡು ವಿದ್ಯುದ್ವಾರಗಳು ತೆಳ್ಳನೆಯ ಹಾಳೆಗಳಾಗಿರುತ್ತವೆ. ಅವೆರಡರ ನಡುವೆ ಇರುವುದು ತಲೆಗೂದಲಿಗಿಂತಲೂ ತೆಳುವಾದ ಒಂದು ಪ್ಲಾಸ್ಟಿಕ್ ತೆರೆ. ಅದನ್ನು ತೋಯಿಸಿರುವ ದ್ರವವೋ, ಹೊತ್ತಿ ಉರಿಯುವಂಥದು. ಬ್ಯಾಟರಿಗೆ ಮುಪ್ಪು ಬಂದಾಗ ಅಥವಾ ಅದು ಬಹಳ ಕಾದಾಗ ಈ ದ್ರವ ಒಡೆದು ಅನಿಲವಾಗುತ್ತದೆ, ಉಬ್ಬರವೆಂದರೆ ಅದೇ. ಹಾಗೆ ಉಬ್ಬಿದ್ದನ್ನು ಒತ್ತಿದರೆ, ಚುಚ್ಚಿದರೆ, ತೆರೆ ಹರಿದು ಹಾಳೆಗಳು ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದಲ್ಲಿ ಶಾಖ, ಶಾಖದಿಂದ ಮತ್ತಷ್ಟು ರಾಸಾಯನಿಕ ಕ್ರಿಯೆ, ಅದರಿಂದ ಇನ್ನೂ ಶಾಖ, ಕೊನೆಗೆ ಬೆಂಕಿ. 2016ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ತನ್ನ ನೋಟ್ 7 ಫೋನುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಂಡದ್ದು ಇಂಥ ಒಳಸ್ಪರ್ಶದ ದೋಷದಿಂದಲೇ.

“ರಾತ್ರಿ ಇದನ್ನು ಎಲ್ಲಿಡುತ್ತೀರಿ?” ಎಂದು ಸೊಸೆ ಕೇಳಿದಳು. ದಿಂಬಿನಡಿ ಎಂದೆ, ಚಾರ್ಜಿಗೆ ಹಾಕಿ, ಸಂಗೀತ ಕೇಳುತ್ತ. ಅದೇ ದಿಂಬಿನ ಇನ್ನೊಂದು ತುದಿಯಲ್ಲಿ ಅವಳ ಐದು ವರ್ಷದ ಮಗ ನನ್ನ ಕಥೆ ಕೇಳುತ್ತ ನಿದ್ದೆಹೋಗುತ್ತಾನೆ. ಅವಳು ಏನೂ ಅನ್ನಲಿಲ್ಲ.

ಚಾರ್ಜಾಗುವಾಗ ಹುಟ್ಟುವ ಶಾಖ ಹತ್ತಿಯನ್ನು ದಾಟಿ ಸುಲಭವಾಗಿ ಹೊರಹೋಗಲಾರದು. ಬಿಸಿಲಲ್ಲಿ ನಿಂತ ಕಾರಿನೊಳಗೂ ಫೋನಿಗೆ ಇದೇ ಪಾಡು. ಪೂರ್ತಿ ಬರಿದಾದ ಮೇಲೆಯೇ ತುಂಬಬೇಕೆಂಬ ನಂಬಿಕೆಯೊಂದುಂಟು. ಅದು ಹಿಂದಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಇವಕ್ಕೆ ಸುಮಾರು 20ರಿಂದ 80 ಪ್ರತಿಶತದ ನಡುವಿನ ಬದುಕೇ ಹಿತ. ಫೋನಿಗೆ ಒಪ್ಪುವ ಚಾರ್ಜರನ್ನೇ ಬಳಸಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಉಬ್ಬಿದ ಫೋನನ್ನು ಆರಿಸಿ, ಮತ್ತೆ ಚಾರ್ಜು ಮಾಡದೆ, ಬಟ್ಟೆ ಕಾಗದಗಳಿಂದ ದೂರವಿಟ್ಟು, ರಿಪೇರಿ ಕೇಂದ್ರಕ್ಕೆ ಒಪ್ಪಿಸಿದೆವು. ಕಸದ ಬುಟ್ಟಿಗೆ ಹಾಕುವಂತಿಲ್ಲ. ಕಸದ ಲಾರಿಯಲ್ಲಿ ಅದುಮಿಸಿಕೊಂಡರೆ ಅಲ್ಲಿಯೂ ಬೆಂಕಿಯೇ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಹೊಸ ಮೊಬೈಲು ಈಗ ಹಗಲಲ್ಲೇ, ನಡುಮನೆಯ ಕಡಪ ಕಲ್ಲಿನ ಮೇಲೆ ಚಾರ್ಜಾಗುತ್ತದೆ. ದಿಂಬಿನ ಬಳಿಗೆ ಹಳೆಯ ಟ್ರಾನ್ಸಿಸ್ಟರು ಮರಳಿದೆ.