ರೆಡ್‌ಫರ್ನ್‌ನ ಮಕ್ಕಳಿಗೊಂದು ಜಾಗ

ನಮ್ಮ ಸಂಘದ ಕಾರ್ಯಕ್ರಮ ಹೇಗೆ ಶುರುವಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ದೀಪ ಹಚ್ಚುವುದಕ್ಕೂ ಮುಂಚೆ ಯಾರಾದರೊಬ್ಬರು ಚೀಟಿ ಹಿಡಿದು ಬಂದು, ಈ ನೆಲದ ಮೂಲ ಒಡೆಯರಿಗೆ, ಅವರ ಹಿರಿಯರಿಗೆ ಗೌರವ ಸಲ್ಲಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಓದುತ್ತಾರೆ. ಸಾಮಾನ್ಯವಾಗಿ ಆ ಕೆಲಸ ನಿಮ್ಮಲ್ಲೊಬ್ಬರಿಗೆ ಬೀಳುತ್ತದೆ, ಉಚ್ಚಾರಣೆ ನಿಮ್ಮದೇ ಸರಿ ಎಂದು. ಕಳೆದ ಸಲ ಓದಿದ ಹುಡುಗಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದಳು. "ಅಂಕಲ್, ಅವರೆಲ್ಲ ಈಗ ಎಲ್ಲಿದ್ದಾರೆ?" ಎಂದು ಕೇಳಿದಳು. ಮರುಭೂಮಿಯ ಕಡೆ ಎಲ್ಲೋ ಇರಬೇಕು ಎಂಬುದು ಅವಳ ಊಹೆ. ಅವಳು ಸಿಡ್ನಿ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ಅಂದರೆ ದಿನಾ ಬೆಳಿಗ್ಗೆ ರೆಡ್‌ಫರ್ನ್ ಸ್ಟೇಷನ್ನಿನಲ್ಲೇ ಇಳಿಯುತ್ತಾಳೆ!

ಅವಳಿಗೆ ಸಾಂಬಾರು ಬಡಿಸಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಈ ಮಾತು. ನಗರದಲ್ಲಿ ಬೆಳೆಯುತ್ತಿರುವ ಅಬೊರಿಜಿನಲ್ ಮಕ್ಕಳಿಗಾಗಿ ಒಂದು ಯುವಕೇಂದ್ರವನ್ನು ನಡೆಸುವುದೆಂದರೆ ಏನು, ಅದು ಯಾಕೆ ಅಷ್ಟು ಕಷ್ಟ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪಶ್ಚಿಮ ಸಿಡ್ನಿಯ ಅಂಥದೊಂದು ಕೇಂದ್ರದಲ್ಲಿ ಬುಧವಾರ ಸಂಜೆ ಹೋಮ್‌ವರ್ಕ್‌ಗೆ ಕೂರುವ ಹಲವರಲ್ಲಿ ನಾನೂ ಒಬ್ಬ. ನಡೆಸುವವನು ನಾನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು.

2021ರ ಜನಗಣತಿಯಲ್ಲಿ 8,12,728 ಜನ ತಾವು ಅಬೊರಿಜಿನಲ್ ಅಥವಾ ಟೊರೆಸ್ ಸ್ಟ್ರೇಟ್ ದ್ವೀಪದವರು ಎಂದು ಬರೆಸಿದರು. ಅವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲೇ ಇದ್ದಾರೆ. ವಯಸ್ಸಿನ ಲೆಕ್ಕ ಇನ್ನೂ ಮುಖ್ಯ. ಇಡೀ ಆಸ್ಟ್ರೇಲಿಯಾದ ಜನರನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರ ವಯಸ್ಸು 38. ಇವರನ್ನಷ್ಟೇ ನಿಲ್ಲಿಸಿದರೆ 24. ಅರ್ಥವಾಯಿತಲ್ಲ, ಇದು ನಿಮ್ಮ ವಯಸ್ಸಿನವರೇ ತುಂಬಿರುವ ಸಮುದಾಯ.

ರೆಡ್‌ಫರ್ನ್‌ಗೆ ಅವರು ಬಂದದ್ದು ಕೆಲಸ ಹುಡುಕಿಕೊಂಡು. ಶನಿವಾರ ನೀವು ಫಾರ್ಮರ್ಸ್ ಮಾರ್ಕೆಟ್‌ಗೆ ಹೋಗುವ ಕ್ಯಾರೇಜ್‌ವರ್ಕ್ಸ್ ಇದೆಯಲ್ಲ, ಅದು ಹಿಂದೆ ಈವ್ಲಿ ರೈಲ್ವೆ ವರ್ಕ್‌ಶಾಪ್. ಹಳ್ಳಿಗಾಡಿನ ರಿಸರ್ವ್‌ಗಳಿಂದ, ಮಿಷನ್‌ಗಳಿಂದ ಹೊರಟವರು ಅಲ್ಲಿ, ಸುತ್ತಲಿನ ಕಾರ್ಖಾನೆಗಳಲ್ಲಿ ಕೆಲಸ ಹಿಡಿದರು. ಆಗ ಬಾಡಿಗೆ ಅಗ್ಗ. ಮೊದಲು ಬಂದವರ ಮನೆಯಲ್ಲಿ ಆಮೇಲೆ ಬಂದವರು ಇಳಿದುಕೊಂಡರು. ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಬೆಂಗಳೂರಿಗೆ ಬಂದವರು ಮಾವನ ಮನೆಯಲ್ಲಿ ಇಳಿದ ಹಾಗೆಯೇ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ನಮ್ಮವರನ್ನು ಊರಿನಿಂದ ಯಾರೂ ಓಡಿಸಿರಲಿಲ್ಲ, ನಮ್ಮ ಮಕ್ಕಳನ್ನು ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

ಈ ಎತ್ತಿಕೊಂಡು ಹೋಗುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯುವಕೇಂದ್ರದ ಬಾಗಿಲಲ್ಲಿ ಮೊದಲು ಎದುರಾಗುವುದೇ ಇದು. 1909ರ ಕಾನೂನಿನ ಬಲದಿಂದ ಈ ರಾಜ್ಯದಲ್ಲಿ ಅಬೊರಿಜಿನಲ್ ಮಕ್ಕಳನ್ನು ತಂದೆತಾಯಿಗಳಿಂದ ಬೇರೆ ಮಾಡಿ ಸಂಸ್ಥೆಗಳಲ್ಲಿ ಇಡುತ್ತಿದ್ದರು. ಹುಡುಗಿಯರಿಗೆ ಕೂಟಮಂಡ್ರಾ, ಹುಡುಗರಿಗೆ 1924ರಿಂದ ಕಿಂಚೆಲಾ. ಕಿಂಚೆಲಾದಲ್ಲಿ ಹುಡುಗರನ್ನು ಹೆಸರಿನಿಂದಲ್ಲ, ನಂಬರಿನಿಂದ ಕರೆಯುತ್ತಿದ್ದರು. ಅದು ಮುಚ್ಚಿದ್ದು 1970ರಲ್ಲಿ. ಪುರಾತನ ಕಥೆಯಲ್ಲ ನೋಡಿ. ಆ ಹುಡುಗರಲ್ಲಿ ಬದುಕಿರುವವರು ಇವತ್ತು ಯಾರದೋ ತಾತ.

ಈಗ ನೀವು ಒಂದು ಯುವಕೇಂದ್ರ ತೆರೆದಿರಿ ಎಂದುಕೊಳ್ಳಿ. ಬಾಗಿಲಲ್ಲೇ ಒಂದು ಮೇಜು, ಮೇಜಿನ ಮೇಲೆ ಫಾರ್ಮು. ಮಗುವಿನ ಹೆಸರು, ವಿಳಾಸ, ಮನೆಯಲ್ಲಿ ಯಾರ್ಯಾರಿದ್ದಾರೆ, ಅಪ್ಪನಿಗೆ ಕೆಲಸ ಇದೆಯೇ. ಕನ್ನಡ ಶಾಲೆಗೆ ಸೇರಿಸುವಾಗ ನಿಮ್ಮ ಅಮ್ಮ ಇಂಥ ಫಾರ್ಮನ್ನು ಎರಡು ನಿಮಿಷದಲ್ಲಿ ತುಂಬಿರುತ್ತಾರೆ. ಅಲ್ಲಿನ ಅಜ್ಜಿಗೆ ಮಾತ್ರ ಇವು ವೆಲ್‌ಫೇರ್ ಅಧಿಕಾರಿ ಕೇಳುತ್ತಿದ್ದ ಪ್ರಶ್ನೆಗಳು. ಮೊಮ್ಮಗನ ಕೈ ಹಿಡಿದು ವಾಪಸ್ಸು ಹೋಗುತ್ತಾಳೆ. ನೀವು ಪಿಂಗ್‌ಪಾಂಗ್ ಟೇಬಲ್ ಎಷ್ಟೇ ಚೆನ್ನಾಗಿರುವುದನ್ನು ತಂದಿಟ್ಟಿದ್ದರೂ ಅಷ್ಟೇ. ನಾನು ಹೋಗುವ ಕಡೆ ಫಾರ್ಮು ಇಲ್ಲವೆಂದಲ್ಲ, ಕಾನೂನಿಗೆ ಬೇಕೇ ಬೇಕು. ಆದರೆ ಅದು ಹೊರಗೆ ಬರುವುದು ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ, ಟೀ ಕುಡಿದ ಮೇಲೆ, ಆ ಅಜ್ಜಿಯ ಕಡೆಯವರನ್ನು ಬಲ್ಲವರೊಬ್ಬರ ಕೈಯಿಂದ.

ಆ ಬಲ್ಲವರು ಯಾರು ಎಂಬುದೇ ಇಡೀ ವಿಷಯ. 1970ರಲ್ಲಿ ರೆಡ್‌ಫರ್ನ್‌ನಲ್ಲಿ ಅಬೊರಿಜಿನಲ್ ಲೀಗಲ್ ಸರ್ವಿಸ್ ಹುಟ್ಟಿತು, ಮರುವರ್ಷ ಮೆಡಿಕಲ್ ಸರ್ವಿಸ್. 1973ರಲ್ಲಿ ಸರ್ಕಾರದ ಹಣದಿಂದ 'ದ ಬ್ಲಾಕ್' ಎಂದು ಕರೆಯುವ ಮನೆಗಳ ಸಾಲನ್ನು ಸಮುದಾಯದ ಹೌಸಿಂಗ್ ಕಂಪನಿ ಕೊಳ್ಳತೊಡಗಿತು. ಪಬ್‌ನಿಂದ ಹೊರಬಂದವರನ್ನು ಸುಮ್ಮಸುಮ್ಮನೆ ವ್ಯಾನಿಗೆ ತುಂಬುತ್ತಿದ್ದ ಪೊಲೀಸರ ಮೇಲೆ ಕಣ್ಣಿಟ್ಟು, ಬರೆದುಕೊಂಡು, ಲೀಗಲ್ ಸರ್ವಿಸ್‌ಗೆ ದಾರಿ ಮಾಡಿದವರಲ್ಲಿ ಪಾಲ್ ಕೋ, ಗ್ಯಾರಿ ಫೋಲಿ ಇದ್ದರು. ಫೋಲಿಗೆ ಆಗ ಇಪ್ಪತ್ತು ವರ್ಷ. ಚಿಕ್ಕ ಮಕ್ಕಳಿಗೆ ಬೆಳಗಿನ ತಿಂಡಿ ಕೊಡುವುದರಿಂದ ಶುರುವಾದ ಮುರಾವಿನಾ ಆಮೇಲೆ ಶಿಶುವಿಹಾರವಾಯಿತು. ಇವೆಲ್ಲಕ್ಕೂ ಒಂದೇ ನಿಯಮ: ಆಡಳಿತ ಮಂಡಳಿ ಸಮುದಾಯದ್ದೇ ಆಗಿರಬೇಕು. ಹೊರಗಿನ ವಕೀಲರು, ಡಾಕ್ಟರುಗಳು ಕೆಲಸ ಮಾಡಬಹುದು, ಮಾಡಿದರು ಕೂಡ. ತೀರ್ಮಾನ ಮಾತ್ರ ಅವರದು. ಒಳ್ಳೆಯ ಯುವಕೇಂದ್ರಗಳು ಇವತ್ತಿಗೂ ಇದೇ ದಾರಿಯಲ್ಲಿವೆ.

ಇನ್ನು ದಿನದ ಕೆಲಸ. ಶಾಲೆ ಬಿಡುವುದು ಮೂರು ಗಂಟೆಗೆ. ಮೂರೂಕಾಲಿಗೆ ವ್ಯಾನು ಶಾಲೆಯ ಹತ್ತಿರ ಇರಬೇಕು. ಕೇಂದ್ರದ ಹೃದಯ ಯಾವುದು ಎಂದು ನನ್ನನ್ನು ಕೇಳಿದರೆ ಆ ಹನ್ನೆರಡು ಸೀಟಿನ ವ್ಯಾನು ಎನ್ನುತ್ತೇನೆ. ಅದು ಗ್ಯಾರೇಜಿಗೆ ಹೋದ ವಾರ ಕೇಂದ್ರ ಅರ್ಧ ಖಾಲಿ. ಬಂದ ತಕ್ಷಣ ಊಟ. ಹೋಮ್‌ವರ್ಕ್ ಮುಗಿಸಿದರೆ ಊಟ ಎಂಬ ಷರತ್ತು ಇಲ್ಲ. ಕೆಲವರಿಗೆ ಮಧ್ಯಾಹ್ನ ಏನೂ ಸಿಕ್ಕಿರುವುದಿಲ್ಲ, ಹಸಿದ ಹೊಟ್ಟೆಯಲ್ಲಿ ಭಿನ್ನರಾಶಿ ಯಾರಿಗೆ ತಲೆಗೆ ಹೋಗುತ್ತದೆ? ಆಮೇಲೆ ಆಟ, ಹೋಮ್‌ವರ್ಕ್, ಡಾನ್ಸ್, ಯಾವುದೋ ಒಂದು. ಕತ್ತಲಾಗುವ ಹೊತ್ತಿಗೆ ಒಬ್ಬೊಬ್ಬರನ್ನೇ ಮನೆ ಬಾಗಿಲಿಗೆ ಬಿಟ್ಟು ಬರುವುದು. ಆ ವಾಪಸ್ಸಿನ ದಾರಿಯಲ್ಲೇ, ಡ್ರೈವರ್ ಮುಂದೆ ನೋಡಿಕೊಂಡಿರುವಾಗ, ಮಕ್ಕಳು ಹೇಳಬೇಕಾದ್ದನ್ನು ಹೇಳುವುದು.

ವಯಸ್ಸಿನ ಮಿತಿ ಇನ್ನೊಂದು ತಲೆನೋವು. ಹಣ ಕೊಡುವವರು 12ರಿಂದ 18 ಎಂದು ಬರೆದಿರುತ್ತಾರೆ. ಹದಿನಾಲ್ಕರ ಹುಡುಗಿ ಬರುವಾಗ ಐದು ವರ್ಷದ ಕಸಿನ್‌ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾಳೆ, ಯಾಕೆಂದರೆ ಸಂಜೆ ಅವನನ್ನು ನೋಡಿಕೊಳ್ಳುವುದು ಅವಳೇ. ಅವನನ್ನು ಬಿಟ್ಟು ಬಾ ಎಂದರೆ ಅವಳೂ ಬರುವುದಿಲ್ಲ. ಹೀಗಾಗಿ ಅಡುಗೆಮನೆಯ ಮೂಲೆಯಲ್ಲಿ ಬಣ್ಣದ ಪೆನ್ಸಿಲ್‌ಗಳ ಒಂದು ಡಬ್ಬಿ ಸದಾ ಇರುತ್ತದೆ. ಅದು ಯಾವ ವರದಿಯಲ್ಲೂ ಬರುವುದಿಲ್ಲ.

ಯಾರಾದರೂ ತೀರಿಕೊಂಡರೆ ಅದನ್ನು 'ಸಾರಿ ಬಿಸಿನೆಸ್' ಎನ್ನುತ್ತಾರೆ. ನಾವು ಸೂತಕ ಅನ್ನುತ್ತೇವಲ್ಲ, ಅದರಷ್ಟೇ ಗಂಭೀರ, ಆದರೆ ಮೈಲಿಗೆಯ ಮಾತಿಲ್ಲ. ಎಲ್ಲರೂ ಹೋಗಿ ಜೊತೆಗಿರುವುದು. ಆ ದಿನಗಳಲ್ಲಿ ಕಾರ್ಯಕ್ರಮ ರದ್ದು. ಎಷ್ಟೋ ಸಮುದಾಯಗಳಲ್ಲಿ ಸತ್ತವರ ಹೆಸರು ಹೇಳುವುದಿಲ್ಲ, ಫೋಟೋ ತೋರಿಸುವುದಿಲ್ಲ. ಗೋಡೆಯ ಮೇಲಿನ ತಂಡದ ಫೋಟೋ ಕೂಡ ಇಳಿಯಬಹುದು. ಹಾಜರಿ ಪುಸ್ತಕದಲ್ಲಿ ಇದು ಬರೀ 'ಗೈರುಹಾಜರಿ' ಎಂದು ಕಾಣುತ್ತದೆ, ನಡೆಸುವವರು ಪ್ರತಿ ಸಲವೂ ವಿವರಣೆ ಬರೆಯಬೇಕು.

ಒಂದು ಮಾತು ನಿಮಗೆ ತಮಾಷೆ ಎನಿಸಬಹುದು. ನಮ್ಮಲ್ಲಿ ಲಿಫ್ಟಿನಲ್ಲಿ ಸಿಕ್ಕವರೂ ಆಂಟಿ, ಅಂಕಲ್. ಅಲ್ಲಿಯೂ ಆಂಟಿ, ಅಂಕಲ್ ಇದ್ದಾರೆ. ಆದರೆ ಅದು ಸಮುದಾಯ ಹಿರಿಯರಿಗೆ ಕೊಡುವ ಗೌರವದ ಹೆಸರು, ವಯಸ್ಸಾದ ಮಾತ್ರಕ್ಕೆ ಸಿಗುವುದಿಲ್ಲ. ನನ್ನನ್ನು ಅಲ್ಲಿ ಯಾರೂ ಅಂಕಲ್ ಎನ್ನುವುದಿಲ್ಲ. ಕೂದಲು ನರೆತಿದ್ದರೂ ಹೆಸರು ಹಿಡಿದೇ ಕರೆಯುತ್ತಾರೆ, ಅದೂ ಅರ್ಧ ಹೆಸರು.

ಅಲ್ಲಿ ಮಕ್ಕಳು ಯಾರ ಮಾತು ಕೇಳುತ್ತಾರೋ ಅಂಥ ಒಬ್ಬ ಅಂಕಲ್ ಚಿಕ್ಕಂದಿನಲ್ಲಿ ಜೈಲು ಕಂಡವರಾಗಿರಬಹುದು. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಸರ್ಕಾರದ ಹಿನ್ನೆಲೆ ತಪಾಸಣೆ ಕಡ್ಡಾಯ. ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷ ಹಳೆಯ ಕಡತ ಬಿಚ್ಚಿಕೊಂಡು ತಿಂಗಳುಗಟ್ಟಲೆ ಕಾಯುವಾಗ, ಎಷ್ಟೋ ಜನ ಅರ್ಜಿಯನ್ನೇ ಕೈಬಿಡುತ್ತಾರೆ.

ಪೊಲೀಸರ ವಿಷಯ ಬಿಟ್ಟು ಈ ಕೇಂದ್ರಗಳ ಬಗ್ಗೆ ಮಾತಾಡಲಾಗದು. ಈ ರಾಜ್ಯದಲ್ಲಿ ಹತ್ತು ವರ್ಷದ ಮಗುವಿನ ಮೇಲೂ ಕೇಸು ಹಾಕಬಹುದು. 2004ರ ಫೆಬ್ರವರಿಯಲ್ಲಿ 17 ವರ್ಷದ ಹುಡುಗನೊಬ್ಬ ಸೈಕಲ್ಲಿನಿಂದ ಬಿದ್ದು, ಬೇಲಿಯ ಸರಳು ಚುಚ್ಚಿ ಸತ್ತ. ಪೊಲೀಸರು ಅಟ್ಟಿಸಿಕೊಂಡು ಬಂದಿದ್ದರಿಂದ ಹೀಗಾಯಿತು ಎಂದು ಜನ ನಂಬಿದರು, ಪೊಲೀಸರು ಅಲ್ಲಗಳೆದರು, ಆ ರಾತ್ರಿ ರೆಡ್‌ಫರ್ನ್ ಹೊತ್ತಿ ಉರಿಯಿತು. ಅದಾದ ಐದು ವರ್ಷಕ್ಕೆ, 2009ರಲ್ಲಿ, ಟ್ರೈಬಲ್ ವಾರಿಯರ್ ಸಂಸ್ಥೆಯ ಶೇನ್ ಫಿಲಿಪ್ಸ್ ಮತ್ತು ರೆಡ್‌ಫರ್ನ್ ಪೊಲೀಸರು ಸೇರಿ 'ಕ್ಲೀನ್ ಸ್ಲೇಟ್ ವಿದೌಟ್ ಪ್ರೆಜುಡಿಸ್' ಶುರು ಮಾಡಿದರು. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರು ಗಂಟೆಗೆ ಬಾಕ್ಸಿಂಗ್ ತಾಲೀಮು. ಹುಡುಗರ ಪಕ್ಕದಲ್ಲಿ ಪೊಲೀಸರೂ ಬೆವರು ಸುರಿಸಬೇಕು. ಆರು ಗಂಟೆಗೆ ಏಳಬೇಕಾದವನು ರಾತ್ರಿ ಎರಡು ಗಂಟೆಗೆ ಬೀದಿಯಲ್ಲಿರಲು ಆಗುವುದಿಲ್ಲ, ಇಷ್ಟು ಸರಳ. ಆ ಪ್ರದೇಶದಲ್ಲಿ ದರೋಡೆ ಪ್ರಕರಣಗಳು ಕಡಿಮೆಯಾದವು ಎಂದು ಪೊಲೀಸರೇ ಹೇಳಿದರು. 2013ರಲ್ಲಿ ಫಿಲಿಪ್ಸ್ ಅವರಿಗೆ 'ಆಸ್ಟ್ರೇಲಿಯಾಸ್ ಲೋಕಲ್ ಹೀರೋ' ಗೌರವ ಬಂತು. ನನಗೆ ಇಷ್ಟವಾಗುವುದು ಪ್ರಶಸ್ತಿಗಿಂತ ಬೇರೆ ಸಂಗತಿ: ಹುಡುಗರು ಪೊಲೀಸ್ ಠಾಣೆಗೆ ಹೋಗಲಿಲ್ಲ, ಪೊಲೀಸರು ಹುಡುಗರು ಇದ್ದಲ್ಲಿಗೆ ಬಂದರು.

ಹಣದ ಕಥೆ ಕೇಳಿದರೆ ಬೇಜಾರಾಗುತ್ತದೆ. ಅನುದಾನ ಒಂದು ವರ್ಷಕ್ಕೆ, ಹೆಚ್ಚೆಂದರೆ ಮೂರು ವರ್ಷಕ್ಕೆ. ಒಬ್ಬ ಹುಡುಗ ಒಬ್ಬ ಕೆಲಸಗಾರಳನ್ನು ನಂಬುವುದಕ್ಕೆ ಒಂದು ವರ್ಷ ಬೇಕು, ಅಷ್ಟರಲ್ಲಿ ಅವಳ ಕಾಂಟ್ರಾಕ್ಟ್ ಮುಗಿದಿರುತ್ತದೆ. ದೊಡ್ಡ ಸಂಸ್ಥೆಗಳಿಗೂ ಇದು ತಪ್ಪಿಲ್ಲ. 1965ರಲ್ಲಿ ಚಾರ್ಲ್ಸ್ ಪರ್ಕಿನ್ಸ್ ಎಂಬ ಸಿಡ್ನಿ ಯೂನಿವರ್ಸಿಟಿಯ ಅಬೊರಿಜಿನಲ್ ವಿದ್ಯಾರ್ಥಿ ಸಹಪಾಠಿಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಮೋರಿ ಪಟ್ಟಣಕ್ಕೆ ಹೋಗಿ, ಅಬೊರಿಜಿನಲ್ ಮಕ್ಕಳನ್ನು ಈಜುಕೊಳಕ್ಕೆ ಬಿಡಿ ಎಂದು ಹಟ ಹಿಡಿದು ನಿಂತರು. ರೆಡ್‌ಫರ್ನ್‌ನ ಹಳೆಯ ಸರ್ಕಾರಿ ಶಾಲೆಯ ಜಾಗದಲ್ಲಿ, 2010ರಲ್ಲಿ, ಅಂಥ ಮಕ್ಕಳದ್ದೇ ಎನ್ನಬಹುದಾದ ಈಜುಕೊಳ, ಜಿಮ್, ಮೈದಾನ ಎಲ್ಲ ಇರುವ ನ್ಯಾಷನಲ್ ಸೆಂಟರ್ ಆಫ್ ಇಂಡಿಜಿನಸ್ ಎಕ್ಸೆಲೆನ್ಸ್ ಬಂತು. 2022ರಲ್ಲಿ ಅದರ ಒಡೆತನ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಯಿತು. ನಡೆಸುವ ಖರ್ಚು ಯಾರದು ಎಂಬುದು ಬಗೆಹರಿಯಲಿಲ್ಲ. ಆಗಸ್ಟ್‌ನಲ್ಲಿ, ಇನ್ನೊಂದು ವಾರದಲ್ಲಿ ಮುಚ್ಚುತ್ತೇವೆ ಎಂಬ ಸುದ್ದಿ ಬಂತು. ಸಂಜೆ ಅಲ್ಲಿಗೆ ಬರುತ್ತಿದ್ದ ಮಕ್ಕಳು ಮತ್ತು ಮನೆಯವರು ಅಂಗಳದಲ್ಲಿ ಸೇರಿದರು, ಸಾವಿರಾರು ಜನ ಸಹಿ ಹಾಕಿದರು, ಕೊನೆಗೆ ಹಣದ ವ್ಯವಸ್ಥೆಯಾಗಿ ಬಾಗಿಲು ಉಳಿಯಿತು.

ಬಾಡಿಗೆ ಏರಿ ರೆಡ್‌ಫರ್ನ್‌ನ ಎಷ್ಟೋ ಕುಟುಂಬಗಳು ಮೌಂಟ್ ಡ್ರೂಯಿಟ್, ಕ್ಯಾಂಪ್‌ಬೆಲ್‌ಟೌನ್ ಕಡೆ ಹೋಗಿವೆ. ಬ್ಲಾಕ್ ಇದ್ದ ಜಾಗದಲ್ಲಿ ಈಗ ಅಬೊರಿಜಿನಲ್ ಕುಟುಂಬಗಳಿಗೆ 62 ಮನೆಗಳು, ಪಕ್ಕದಲ್ಲೇ ವಿದ್ಯಾರ್ಥಿಗಳ ದೊಡ್ಡ ಹಾಸ್ಟೆಲ್ ಗೋಪುರ. ಊರಿನಿಂದ ಓದಲು ಬರುವ ನಮ್ಮ ಹುಡುಗರೂ ಅಲ್ಲಿ ಇಳಿದುಕೊಳ್ಳಬಹುದು. ಹೊಸ ಬಡಾವಣೆಗಳಲ್ಲಿ ಮಕ್ಕಳಿದ್ದಾರೆ, ಆದರೆ ರೆಡ್‌ಫರ್ನ್‌ನಲ್ಲಿದ್ದಂತೆ ನಡೆದುಕೊಂಡು ಹೋಗಬಹುದಾದ ಜಾಗ ಕಡಿಮೆ. ಅದಕ್ಕೇ ವ್ಯಾನಿನ ಬಗ್ಗೆ ಅಷ್ಟು ಹೇಳಿದ್ದು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎರಡನೆಯ ವರ್ಷ ಯುಗಾದಿ ನಾಟಕದ ರಿಹರ್ಸಲ್ ಬಂತು, ಮೂರು ಬುಧವಾರ ಹೋಗಲಿಲ್ಲ. ಮೆಸೇಜ್ ಕಳಿಸಿದ್ದೆ, ಅಷ್ಟು ಸಾಕು ಎಂದುಕೊಂಡಿದ್ದೆ. ವಾಪಸ್ಸು ಹೋದಾಗ ನನ್ನ ಜೊತೆ ಗಣಿತ ಮಾಡುತ್ತಿದ್ದ ಹುಡುಗ ಬೇರೆ ಮೇಜಿನಲ್ಲಿ ಕೂತಿದ್ದ. ಮಾತಾಡಿಸಿದರೆ ಸಿಟ್ಟೂ ಇಲ್ಲ, ಏನೂ ಇಲ್ಲ, ಹೊಸಬರನ್ನು ನೋಡುವ ಹಾಗೆ ನೋಡಿದ. ಅಲ್ಲಿನ ಆಂಟಿ ನನ್ನನ್ನು ಹೊರಗೆ ಕರೆದು, ಬರುವ ಹಾಗಿದ್ದರೆ ಬನ್ನಿ, ಇಲ್ಲದಿದ್ದರೆ ಶುರು ಮಾಡಬೇಡಿ ಎಂದರು. ಬಂದು ಬಿಟ್ಟು ಹೋದವರನ್ನು ಆ ಹುಡುಗ ಲೆಕ್ಕವಿಲ್ಲದಷ್ಟು ನೋಡಿದ್ದ. ಅವನು ಮತ್ತೆ ನನ್ನ ಮೇಜಿಗೆ ಬಂದದ್ದು ಮುಂದಿನ ಟರ್ಮಿನಲ್ಲಿ.

ಸಾಂಬಾರಿನ ಸಾಲಿನ ಆ ಹುಡುಗಿ ಆಮೇಲೆ ಫೋನ್ ಮಾಡಿ, ನಾನೂ ಬರಬಹುದಾ ಎಂದು ಕೇಳಿದಳು. ಕೇಳಬೇಕಾದ್ದು ನನ್ನನ್ನಲ್ಲ ಎಂದು ಆಂಟಿಯ ನಂಬರ್ ಕೊಟ್ಟೆ. ಬುಧವಾರ ನಾಲ್ಕು ಗಂಟೆಗೆ ಅವಳಿಗೆ ಟ್ಯುಟೋರಿಯಲ್ ಇದೆಯಂತೆ; ಈ ಸೆಮಿಸ್ಟರ್ ಎರಡು ವಾರಕ್ಕೊಮ್ಮೆ ಬಂದು, ಮುಂದಿನ ಸೆಮಿಸ್ಟರ್‌ನಿಂದ ಪ್ರತಿ ವಾರ ಬರುತ್ತೇನೆ ಎಂದಳು. ಹಾಗಾದರೆ ಮುಂದಿನ ಸೆಮಿಸ್ಟರ್‌ನಲ್ಲೇ ಬಾ ಎಂದೆ.