ಗೊತ್ತಿದ್ದೂ ತಾಗುವ ಗುದ್ದು

ಬಾಕ್ಸಿಂಗ್ ಕಲಿಯಲು ಬಂದವರಿಗೆ ಮೊದಲು ಹೇಳಿಕೊಡುವ ಗುದ್ದು ಜ್ಯಾಬ್. ಎಡಗಾಲು ಮುಂದೆ, ಎಡಗೈ ಮುಂದೆ. ಗಲ್ಲದ ಪಕ್ಕದಿಂದ ಹೊರಟ ಮುಷ್ಟಿ ನೇರ ಹೋಗಿ ಮುಖ ಮುಟ್ಟಿ, ಹೋದ ದಾರಿಯಲ್ಲೇ ವಾಪಸು. ಇದರಲ್ಲಿ ಗುಟ್ಟೇನೂ ಇಲ್ಲ. ಎದುರಿಗೆ ನಿಂತವರಿಗೂ ಮುಂದಿನ ಗುದ್ದು ಇದೇ ಎಂದು ಗೊತ್ತು. ಎಲ್ಲಿಂದ ಬರುತ್ತದೆ, ಎಲ್ಲಿಗೆ ಬರುತ್ತದೆ ಎಂಬುದೂ ಗೊತ್ತು. ಹಾಗಿದ್ದೂ ಪಳಗಿದ ಕೈಯ ಜ್ಯಾಬ್ ಮತ್ತೆ ಮತ್ತೆ ಮೂಗಿಗೆ ಬಡಿಯುತ್ತದೆ.

ವಯನಾಡಿನ ಕಲ್ಪೆಟ್ಟದ ಹುಡುಗ ಹುಡುಗಿಯರಿಗೆ ಇದು ದೂರದ ಮಾತಲ್ಲ. ಘಟ್ಟ ಇಳಿದರೆ ಕಣ್ಣೂರು; ಅಲ್ಲಿನ ಕೆ.ಸಿ. ಲೇಖಾ 2006ರಲ್ಲಿ ದೆಹಲಿಯಲ್ಲಿ 75 ಕೆ.ಜಿ. ವಿಭಾಗದ ವಿಶ್ವ ಚಾಂಪಿಯನ್ ಆದವರು. ಅದಕ್ಕೂ ಎಷ್ಟೋ ಹಿಂದಿನಿಂದ ಉತ್ತರ ಮಲಬಾರಿನ ಕಳರಿಗಳು, ಅಂದರೆ ಸಮರಕಲೆಯ ಅಖಾಡಗಳು, ಇದೇ ಒಗಟಿನೊಡನೆ ಬದುಕಿವೆ. ಅಲ್ಲಿ ಮೂರು ಗೇಣಿನ ಕೋಲು ಹಿಡಿದು ಆಡುವ ಚೆರುವಡಿ ಪಯಟ್ಟನ್ನು ಹತ್ತಿರದಿಂದ ನೋಡಬೇಕು. ಯಾವ ಏಟಿನ ನಂತರ ಯಾವ ಏಟು ಎಂಬುದು ಮೊದಲೇ ಗೊತ್ತಾಗಿದೆ. ಕಲಿಯುವಾಗ ಗುರು, ಅಂದರೆ ಗುರುಕ್ಕಳ್, ವಾಯ್ತಾರಿ ಎಂಬ ಆಜ್ಞೆಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇರುತ್ತಾರೆ. ಇಬ್ಬರಿಗೂ ಎಲ್ಲವೂ ಬಾಯಿಪಾಠ. ಆದರೂ ವೇಗ ಏರಿದಂತೆ ಹೊಸಬರ ಕೋಲು ಒಂದು ಕ್ಷಣ ತಡವಾಗುತ್ತದೆ, ಏಟು ಬೆರಳಿನ ಗೆಣ್ಣಿಗೆ ಬೀಳುತ್ತದೆ.

ಆ ಒಂದು ಕ್ಷಣ ಎಂದರೆ ಎಷ್ಟು? ಹುಡುಕಾಟ ಶುರುವಾದದ್ದು ಅಖಾಡದಲ್ಲಲ್ಲ, ವೀಕ್ಷಣಾಲಯದಲ್ಲಿ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಖಗೋಳಜ್ಞ ಮ್ಯಾಸ್ಕೆಲೈನ್ ತನ್ನ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದ. ದೂರದರ್ಶಕದ ಗೆರೆಯನ್ನು ನಕ್ಷತ್ರ ದಾಟುವ ಹೊತ್ತನ್ನು ಬರೆದುಕೊಳ್ಳುವುದರಲ್ಲಿ ಇಬ್ಬರ ನಡುವೆ ಸುಮಾರು 0.8 ಸೆಕೆಂಡಿನ ವ್ಯತ್ಯಾಸ ಬರುತ್ತಿತ್ತು. ಕೆಲವು ದಶಕಗಳ ಬಳಿಕ ಕ್ಯೋನಿಗ್ಸ್‌ಬರ್ಗ್‌ನ ಬೆಸೆಲ್ ಅನುಭವಿ ಖಗೋಳಜ್ಞರನ್ನೇ ಹೋಲಿಸಿ ನೋಡಿದ. ಅವರಲ್ಲೂ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕಿನ್ನೆಬ್ರೂಕ್ ಸೋಮಾರಿಯಾಗಿರಲಿಲ್ಲ, ಪಾಪ. ನೋಡುವುದಕ್ಕೂ ಗುರುತಿಸುವುದಕ್ಕೂ ಹೊತ್ತು ಹಿಡಿಯುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಅದೇ ಕ್ಯೋನಿಗ್ಸ್‌ಬರ್ಗ್‌ಗೆ 1849ರಲ್ಲಿ ಶರೀರಶಾಸ್ತ್ರಜ್ಞ ಹೆಲ್ಮ್‌ಹೋಲ್ಟ್ಜ್ ಬಂದ. ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ಅಳೆಯುವುದು ಬಹುಶಃ ಎಂದೂ ಆಗದ ಕೆಲಸ ಎಂದು ಅವನ ಗುರು ಮ್ಯೂಲರ್ ಬರೆದಿದ್ದ. ಹೆಲ್ಮ್‌ಹೋಲ್ಟ್ಜ್ ಕಪ್ಪೆಯ ಕಾಲಿನ ಸ್ನಾಯುವನ್ನೂ ಅದಕ್ಕಂಟಿದ ನರವನ್ನೂ ಬಿಡಿಸಿ ತೆಗೆದ. ನರಕ್ಕೆ ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ವಿದ್ಯುತ್ ತಾಗಿಸಿ, ಸ್ನಾಯು ಸೆಟೆಯಲು ಹಿಡಿದ ಹೊತ್ತನ್ನು ಅಳೆದ. ಅಳತೆಗಳನ್ನು ಬರೆದಿಡಲು ಹೆಂಡತಿ ಓಲ್ಗಾ ನೆರವಾದಳು. ದೂರದಿಂದ ತಾಗಿಸಿದಾಗ ಸ್ನಾಯು ತುಸು ತಡವಾಗಿ ಸೆಟೆಯಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 27 ಮೀಟರ್! ಬೆಳಕಿನ ವೇಗವಲ್ಲ, ಶಬ್ದದ ವೇಗವೂ ಅಲ್ಲ. 1850ರ ಜನವರಿಯಲ್ಲಿ ಸುದ್ದಿ ಬರ್ಲಿನ್ ಮುಟ್ಟಿದಾಗ ಹಲವರು ನಂಬಲಿಲ್ಲ. ಮನಸ್ಸು ಮತ್ತು ಕೈ ಒಂದೇ ಕ್ಷಣದಲ್ಲಿ ಬಾಳುತ್ತವೆ ಎಂದುಕೊಂಡಿದ್ದ ಅವನ ತಂದೆಗೂ ಇದು ಒಪ್ಪಿಗೆಯಾಗಲಿಲ್ಲ.

ನಮ್ಮ ಪ್ರಶ್ನೆಯನ್ನು ನೇರವಾಗಿ ಕೆಣಕಿದ ಪ್ರಯೋಗ ನಡೆದದ್ದು ಹಾಲೆಂಡಿನ ಉಟ್ರೆಕ್ಟ್‌ನಲ್ಲಿ. ಇಷ್ಟೆಲ್ಲ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗವೂ ಇದೇ. ಕಣ್ಣಿನ ವೈದ್ಯ ಡೋಂಡರ್ಸ್ ಮತ್ತು ಅವನ ಶಿಷ್ಯ 1865ರ ಹೊತ್ತಿಗೆ ಒಬ್ಬರನ್ನು ಕೂರಿಸಿ, ಎರಡೂ ಪಾದಗಳಿಗೆ ತಂತಿ ಕಟ್ಟಿದರು. ಎಡಪಾದಕ್ಕೆ ವಿದ್ಯುತ್ ತಾಗಿದರೆ ಎಡಗೈ, ಬಲಪಾದಕ್ಕೆ ತಾಗಿದರೆ ಬಲಗೈ ಆಡಿಸಬೇಕು. ಯಾವ ಪಾದಕ್ಕೆ ತಾಗುತ್ತದೆ ಎಂದು ಕೆಲವು ಸಲ ಮೊದಲೇ ಹೇಳಿದರು, ಕೆಲವು ಸಲ ಹೇಳಲಿಲ್ಲ. ಗೊತ್ತಿದ್ದಾಗ ಕೈ ಆಡಲು ಹೆಚ್ಚುಕಡಿಮೆ ಸೆಕೆಂಡಿನ ಐದನೇ ಒಂದು ಪಾಲು. ಗೊತ್ತಿಲ್ಲದಾಗ ಅದಕ್ಕೆ ಇನ್ನೊಂದು ಹದಿನೈದನೇ ಪಾಲು ಸೇರಿತು.

1868ರಲ್ಲಿ ಡೋಂಡರ್ಸ್ ಇದನ್ನು ವಿವರವಾಗಿ ಬರೆದಾಗ ಎಲ್ಲರ ಕಣ್ಣು ಬಿದ್ದದ್ದು ಆ ಹದಿನೈದನೇ ಪಾಲಿನ ಮೇಲೆ. ಮನಸ್ಸು ತೀರ್ಮಾನಿಸುವ ಹೊತ್ತನ್ನು ಮೊದಲ ಬಾರಿ ಅಳೆದದ್ದು ಅದು. ಬಾಕ್ಸಿಂಗ್ ನೋಡುವವರು ನೋಡಬೇಕಾದದ್ದು ಇನ್ನೊಂದು ಅಂಕಿಯನ್ನು. ಏನು ಬರುತ್ತದೆ ಎಂದು ಮೊದಲೇ ತಿಳಿದಿದ್ದರೆ ಉಳಿತಾಯವಾಗುವುದು ಹದಿನೈದನೇ ಒಂದು ಪಾಲು ಮಾತ್ರ. ಐದನೇ ಒಂದು ಪಾಲು ಹಾಗೇ ಇರುತ್ತದೆ. ಓಟದ ಪಂದ್ಯದಲ್ಲಿ ಗುಂಡು ಹಾರಿದ ಮೇಲೆ ಏನು ಮಾಡಬೇಕೆಂಬ ಅನುಮಾನ ಯಾರಿಗಿದೆ? ಆದರೂ 0.1 ಸೆಕೆಂಡಿಗಿಂತ ಮುಂಚೆ ಕಾಲು ಕಿತ್ತರೆ ಅದು ತಪ್ಪು ಆರಂಭ ಎಂಬುದೇ ನಿಯಮ.

ಈಗ ಗುದ್ದಿನ ಕಡೆಯ ಲೆಕ್ಕ. 1969ರ ಮೇ ತಿಂಗಳಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಮುಹಮ್ಮದ್ ಅಲಿಯ ಜ್ಯಾಬ್ ಅಳೆದ ವರದಿ ಪ್ರಕಟಿಸಿತು. ಹದಿನಾರೂವರೆ ಅಂಗುಲ ದೂರದಲ್ಲಿ ಕಾಲಂಗುಲ ದಪ್ಪದ ಬಾಲ್ಸಾ ಮರದ ಹಲಗೆ. ಸೂಚನೆ ಸಿಕ್ಕಿದಲ್ಲಿಂದ ಹಲಗೆ ಒಡೆಯುವವರೆಗೆ 0.19 ಸೆಕೆಂಡು, ಅದರಲ್ಲಿ ಮುಷ್ಟಿ ದಾರಿ ಸವೆಸಿದ್ದು 0.04 ಸೆಕೆಂಡು ಮಾತ್ರ. ಉಳಿದ 0.15 ಅಲಿ ಸೂಚನೆಯನ್ನು ಗ್ರಹಿಸಿ ಕೈ ಹೊರಡಿಸಲು ಹಿಡಿದದ್ದು. ಅಲಿಗೂ ಅದು ತಪ್ಪಿದ್ದಲ್ಲ. ಆದರೆ ರಿಂಗ್‌ನಲ್ಲಿ ಅಲಿ ಯಾವ ಸೂಚನೆಗೂ ಕಾಯಬೇಕಿಲ್ಲ. ಯಾವಾಗ ಹೊಡೆಯಬೇಕೆಂದು ತೀರ್ಮಾನಿಸುವವರು ಹೊಡೆಯುವವರೇ. ಆ 0.15ರ ಸುಂಕ ಪೂರ್ತಿ ಎದುರಾಳಿಯ ತಲೆಗೆ. ಮುಷ್ಟಿ ಹೊರಟಿತೆಂದು ಎದುರಾಳಿಯ ಮೆದುಳು ಅರಿಯುವಷ್ಟರಲ್ಲಿ ಅದು ಮುಟ್ಟಿ ಮರಳುವ ದಾರಿಯಲ್ಲಿರುತ್ತದೆ.

ಉಳಿದ ಎರಡು ಸಂಗತಿಗಳು ಬೇಗ ಹೇಳಿ ಮುಗಿಸುವಂಥವು. ಒಂದು, 1952ರಲ್ಲಿ ಕೇಂಬ್ರಿಜ್‌ನ ಹಿಕ್ ದೀಪಗಳನ್ನಿಟ್ಟು ತೋರಿಸಿದ ಹಾಗೆ, ಆಯ್ಕೆಗಳು ದುಪ್ಪಟ್ಟಾದಾಗಲೆಲ್ಲ ಪ್ರತಿಕ್ರಿಯೆಯ ಹೊತ್ತು ಒಂದೇ ಪ್ರಮಾಣದಲ್ಲಿ ಏರುತ್ತದೆ. ಜ್ಯಾಬ್ ಹಿಂದೆ ಬಲಗೈಯ ಭಯ ಸೇರಿದರೆ ಸಾಕು, ಆ ಹದಿನೈದನೇ ಪಾಲಿನ ಲಾಭವೂ ಕರಗುತ್ತದೆ. ಎರಡು, 1931ರಲ್ಲಿ ಮನಶ್ಶಾಸ್ತ್ರಜ್ಞ ಟೆಲ್ಫರ್ಡ್ ಕಂಡುಕೊಂಡದ್ದು. ಒಂದು ಸೂಚನೆಗೆ ಸ್ಪಂದಿಸಿದ ಅರ್ಧ ಸೆಕೆಂಡಿನೊಳಗೆ ಇನ್ನೊಂದು ಬಂದರೆ ಎರಡನೆಯದಕ್ಕೆ ಸ್ಪಂದನೆ ನಿಧಾನ. ಹುಸಿ ಗುದ್ದು ಗೆಲ್ಲುವುದು ಇಲ್ಲಿ. ಭುಜ ಅಲುಗಿತೆಂದು ತಲೆ ಬಾಗಿಸಿದವರು ನಿಜವಾದ ಗುದ್ದಿಗೆ ಇನ್ನಷ್ಟು ತಡವಾಗಿ ಸಿಗುತ್ತಾರೆ.

ಹಾಗಾದರೆ ತಪ್ಪಿಸಿಕೊಳ್ಳುವವರೂ ಇದ್ದಾರಲ್ಲ, ಅವರ ನರ ಬೇರೆಯೇ? ಅಲ್ಲ ಎಂದು ತೋರಿಸಿಕೊಟ್ಟದ್ದು ಕ್ರಿಕೆಟ್. 1987ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಮೆಕ್ಲಿಯೋಡ್ ಪಿಚ್ಚಿನ ಚಾಪೆಯಡಿ ಮರದ ಕಡ್ಡಿಗಳನ್ನಿಟ್ಟು, ಚೆಂಡು ಪುಟಿದ ಮೇಲೆ ಎತ್ತ ಹೊರಳುತ್ತದೆಂದು ಹೇಳಲಾಗದಂತೆ ಮಾಡಿದರು. ಅಂತರರಾಷ್ಟ್ರೀಯ ಬ್ಯಾಟರ್‌ಗಳಿಗೂ ಬ್ಯಾಟ್ ತಿದ್ದಿಕೊಳ್ಳಲು ಸುಮಾರು 0.2 ಸೆಕೆಂಡು ಬೇಕಾಯಿತು. ಸಾಮಾನ್ಯರಷ್ಟೇ! ಆಮೇಲೆ 2000ದಲ್ಲಿ ಮೈಕೆಲ್ ಲ್ಯಾಂಡ್ ಜತೆ ಸೇರಿ ಬ್ಯಾಟರ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ನೋಡಿದಾಗ ಗುಟ್ಟು ಬಯಲಾಯಿತು. ಒಳ್ಳೆಯ ಬ್ಯಾಟರ್‌ನ ಕಣ್ಣು ಚೆಂಡಿನ ಬೆನ್ನು ಹತ್ತುವುದಿಲ್ಲ. ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತದೆ.

ಕಲ್ಪೆಟ್ಟದಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ದಾರಿಯ ಕೃಷ್ಣಗಿರಿ ಮೈದಾನದಲ್ಲಿ 2019ರ ಜನವರಿಯಲ್ಲಿ ರಣಜಿ ಸೆಮಿಫೈನಲ್ ಎರಡೇ ದಿನದಲ್ಲಿ ಮುಗಿದುಹೋಯಿತು. ವಿದರ್ಭದ ಉಮೇಶ್ ಯಾದವ್ 12 ವಿಕೆಟ್ ಕಿತ್ತರು. ಕೇರಳ 106 ಮತ್ತು 91ಕ್ಕೆ ಉರುಳಿತು. ಯಾದವ್ ವೇಗವಾಗಿ ಎಸೆಯುತ್ತಾರೆ ಎಂಬುದು ಕೇರಳದವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಚೆಂಡು ತುಸು ಹೊರಳಿದರೆ ತಿದ್ದಿಕೊಳ್ಳಲು ಹೊತ್ತೆಲ್ಲಿ? ಬ್ಯಾಟರ್‌ಗೆ ಸಿಗುವುದೇ ಒಟ್ಟು ಅರ್ಧ ಸೆಕೆಂಡು. ತೋಳಳತೆಯ ದೂರದಲ್ಲಿ ನಿಂತ ಬಾಕ್ಸರ್‌ಗೆ ಅದರ ಕಾಲು ಭಾಗವೂ ಇಲ್ಲ.

ಆದ್ದರಿಂದ ಬಾಕ್ಸರ್ ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ, ಗುದ್ದಿನ ಮುನ್ಸೂಚನೆ ನೋಡಿ ತಪ್ಪಿಸಿಕೊಳ್ಳುತ್ತಾರೆ. 1995ರಲ್ಲಿ ಫ್ರಾನ್ಸ್‌ನ ಹುಬರ್ಟ್ ರಿಪೋಲ್ ತಂಡ ಫ್ರೆಂಚ್ ಬಾಕ್ಸಿಂಗ್ ಪಟುಗಳ ನೋಟವನ್ನು ಅಳೆದಾಗ, ನುರಿತವರ ಕಣ್ಣು ಕೈಯಿಂದ ಕೈಗೆ ಅಲೆಯದೆ ಎದುರಾಳಿಯ ತಲೆಯ ಸುತ್ತ ನೆಲೆಸಿರುವುದು ಕಂಡಿತು. ಅಲ್ಲಿಂದಲೇ ಭುಜ, ಮೊಣಕೈ, ಸೊಂಟ ಎಲ್ಲದರ ಅಲುಗಾಟ ಓರೆಗಣ್ಣಿಗೆ ಸಿಗುತ್ತದೆ. ಹೊಸಬರ ಜ್ಯಾಬ್ ಸುಲಭವಾಗಿ ತಪ್ಪುವುದೂ ಇದರಿಂದಲೇ: ಮುಷ್ಟಿಗಿಂತ ಮೊದಲು ಮೊಣಕೈ ಹೊರಕ್ಕೆ ಏಳುತ್ತದೆ, ಭುಜ ಬಿಗಿಯುತ್ತದೆ, ಕೆಲವರು ಉಸಿರನ್ನೂ ಎಳೆದುಕೊಳ್ಳುತ್ತಾರೆ. ಪಳಗಿದವರು ವರ್ಷಗಟ್ಟಲೆ ದುಡಿಯುವುದು ಮುಷ್ಟಿಯ ವೇಗ ಹೆಚ್ಚಿಸಲಿಕ್ಕಿಂತ ಈ ಸುಳಿವುಗಳನ್ನು ಒಂದೊಂದಾಗಿ ಅಳಿಸಲು ಎಂದೇ ನಾನು ತಿಳಿದಿದ್ದೇನೆ. ಗುದ್ದು ಯಾವುದೆಂಬುದು ಬಯಲಾದರೂ ಅವರಿಗೆ ಚಿಂತೆಯಿಲ್ಲ, ಯಾವಾಗ ಎಂಬುದು ಬಯಲಾಗಬಾರದು. ಹೊತ್ತನ್ನು ಊಹಿಸಿ ಮೊದಲೇ ತಲೆ ಸರಿಸಿದವರಿಗೆ ಬಲಗೈ ಕಾದಿರುತ್ತದೆ.

ಕೋಚ್‌ಗಳು ಹೊಸಬರಿಗೆ ಕೈಗಿಂತ ಮುಂಚೆ ಕಾಲಿನ ಕೆಲಸ ಕಲಿಸುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಹೆಜ್ಜೆ ಇಡದೆ ಮುಷ್ಟಿ ಮುಟ್ಟದಷ್ಟು ದೂರದಲ್ಲಿ ನಿಂತರೆ ಎದುರಾಳಿ ಮುಂಗಾಲು ಎತ್ತಲೇಬೇಕು. ಮೈಭಾರ ಮುಂದಕ್ಕೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಅದು ಕಣ್ಣಿಗೂ ಬೀಳುತ್ತದೆ. ಪಳಗಿದವರು ಆ ಅರ್ಧ ಹೆಜ್ಜೆಯನ್ನು ಹುಸಿ ಗುದ್ದಿನ ಮರೆಯಲ್ಲಿ ಮುಂಚೆಯೇ ಇಟ್ಟು ಮುಗಿಸಿರುತ್ತಾರೆ.